ಅನ್ನನಾಳಕ್ಕೆ ಹಲವು ಪದರ, ಕರುಳಿಗೆ ಒಂದೇ ಪದರ ಏಕೆ?

ಪ್ರಶ್ನೆ
ದೇಹದ ಹೊರಮೈಯನ್ನೂ ಅಂಗಗಳ ಒಳಮೈಯನ್ನೂ ಹೊದಿಸುವ ಅನುಲೇಪಕ ಅಂಗಾಂಶದ ವಿಧಗಳನ್ನು ಕಂಠಪಾಠ ಮಾಡುವುದು ಕಷ್ಟವೇನಲ್ಲ. ಆದರೆ ಯಾವ ವಿಧ ಎಲ್ಲಿದೆ, ಅಲ್ಲಿಯೇ ಏಕಿದೆ ಎಂಬುದು ನನಗೆ ಸ್ಪಷ್ಟವಾಗುತ್ತಿಲ್ಲ. ಅನ್ನನಾಳ, ಸಣ್ಣ ಕರುಳು ಎರಡೂ ಆಹಾರ ಸಾಗುವ ದಾರಿಯೇ ಆಗಿರುವಾಗ, ಮೊದಲನೆಯದರ ಒಳಮೈಗೆ ಹಲವು ಪದರ, ಎರಡನೆಯದಕ್ಕೆ ಒಂದೇ ಪದರ ಏಕೆ? ಈ ಅಂಗಾಂಶದೊಳಗೆ ರಕ್ತನಾಳಗಳೇ ಇಲ್ಲವೆಂದೂ ಓದಿದ್ದೇನೆ. ಹಾಗಾದರೆ ಅದರ ಜೀವಕೋಶಗಳು ಬದುಕುವುದು ಹೇಗೆ?

ಉತ್ತರ 1
ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ಅನುಲೇಪಕ ಜೀವಕೋಶಗಳು ಒಂದು ತೆಳುವಾದ ತಳಪೊರೆಯ ಮೇಲೆ ನಿಂತಿರುತ್ತವೆ. ಅದರ ಕೆಳಗಿನ ಸಂಯೋಜಕ ಅಂಗಾಂಶದಲ್ಲಿರುವ ಲೋಮನಾಳಗಳಿಂದ (ಅತಿ ಸಣ್ಣ ರಕ್ತನಾಳಗಳಿಂದ) ಆಮ್ಲಜನಕವೂ ಪೋಷಕಾಂಶಗಳೂ ವಿಸರಣೆಯ ಮೂಲಕ ಮೇಲಕ್ಕೆ ಬರುತ್ತವೆ.

ಇನ್ನು ಪದರಗಳ ವಿಚಾರ. ಅನ್ನನಾಳದ ಕೆಲಸ ಸಾಗಣೆ ಮಾತ್ರ. ಅರೆಬರೆ ಅಗಿದ ತುತ್ತು ಉಜ್ಜಿಕೊಂಡು ಇಳಿಯುವಾಗ ಮೇಲ್ಪದರದ ಚಪ್ಪಟೆ ಕೋಶಗಳು ಉದುರುತ್ತವೆ, ತಳದಲ್ಲಿರುವ ಕೋಶಗಳು ವಿಭಜಿಸಿ ಆ ಕೊರತೆಯನ್ನು ತುಂಬುತ್ತವೆ. ಸಣ್ಣ ಕರುಳಿನಲ್ಲಾದರೋ ಜೀರ್ಣವಾದ ಆಹಾರ ಜೀವಕೋಶವನ್ನೇ ಹಾದು ರಕ್ತ ಸೇರಬೇಕು. ಅಲ್ಲಿ ಹತ್ತು ಪದರಗಳಿದ್ದರೆ ಹೀರಿಕೆಯೇ ನಡೆಯದು. ಆ ಕೋಶಗಳು ಸ್ತಂಭದಂತೆ ಎತ್ತರವಾಗಿದ್ದು, ಮೇಲ್ತುದಿಯ ಮೈಕ್ರೋವಿಲ್ಲೈಗಳೆಂಬ ಬೆರಳಿನಂಥ ಸೂಕ್ಷ್ಮ ಚಾಚುಗಳಿಂದ ಹೀರುವ ಮೈಯನ್ನು ಹಿಗ್ಗಿಸಿಕೊಂಡಿವೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಅನಿಲಗಳು ತಾವಾಗಿಯೇ ದಾಟುವುದರಿಂದ ಎತ್ತರದ ಕೋಶದ ಅಗತ್ಯವಿಲ್ಲ. ಅಲ್ಲಿನ ಚಪ್ಪಟೆ ಕೋಶಗಳಿಂದಾಗಿ ಗಾಳಿಗೂ ರಕ್ತಕ್ಕೂ ನಡುವಿನ ಅಂತರ ಬಹುಪಾಲು 1 ಮೈಕ್ರೋಮೀಟರ್‌ಗಿಂತ ಕಡಿಮೆ.

ಉತ್ತರ 2
ಮೇಲಿನ ವಿವರಣೆ ಸರಿಯಾಗಿದೆ. ಆದರೆ ಒಂದೇ ಪದರವೆಂದರೆ ಸೋರುವ ಪದರವೆಂದು ಯಾರೂ ಭಾವಿಸಬಾರದು. ಕರುಳಿನ ಅಕ್ಕಪಕ್ಕದ ಕೋಶಗಳು ಮೇಲ್ತುದಿಯ ಸಮೀಪ ಪ್ರೋಟೀನುಗಳಿಂದ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ, ಕರುಳಿನೊಳಗಿನ ವಸ್ತುಗಳು ಸಂದಿಗಳಲ್ಲಿ ಮನಬಂದಂತೆ ನುಸುಳಲಾರವು. ಅದಕ್ಕಿಂತ ಮುಖ್ಯವಾಗಿ, ಈ ಬೆಸುಗೆ ಕೋಶದ ಮೇಲ್ಭಾಗವನ್ನೂ ಕೆಳಭಾಗವನ್ನೂ ಬೇರೆಬೇರೆಯಾಗಿ ಉಳಿಸುತ್ತದೆ: ಗ್ಲೂಕೋಸ್ ಮೇಲಿನಿಂದ ಸೋಡಿಯಂ ಜೊತೆಗೂಡಿ ಒಳಬಂದು, ಕೆಳಗಿನ ಬೇರೊಂದು ವಾಹಕದ ಮೂಲಕ ರಕ್ತದತ್ತ ಹೊರಡುತ್ತದೆ. ಈ ದಿಕ್ಕಿನ ಪ್ರಜ್ಞೆಯೇ ಅನುಲೇಪಕದ ನಿಜವಾದ ವೈಶಿಷ್ಟ್ಯವೆಂಬುದು ನನ್ನ ಅಭಿಪ್ರಾಯ. ಪಾಠಗಳಲ್ಲಿ ಆಕಾರಕ್ಕೆ ಸಿಗುವ ಮಹತ್ವ ಇದಕ್ಕೆ ಸಿಗುವುದಿಲ್ಲ. ಸವೆತದ ಮಟ್ಟಿಗೆ ಹೇಳುವುದಾದರೆ, ಕರುಳಿನ ಈ ಕೋಶಗಳಲ್ಲಿ ಹೆಚ್ಚಿನವು 3ರಿಂದ 5 ದಿನಗಳಲ್ಲಿ ಬದಲಾಗುತ್ತವೆ.

ಪರೀಕ್ಷೆಗೆ ಓದುವವರು ಶ್ವಾಸನಾಳದ ಬಗ್ಗೆ ಎಚ್ಚರವಹಿಸಲಿ. ಕೋಶಕೇಂದ್ರಗಳು ಏರುಪೇರಾಗಿ ಕಾಣುವುದರಿಂದ ಅಲ್ಲಿ ಹಲವು ಪದರಗಳಿವೆ ಎನಿಸಿದರೂ, ಪ್ರತಿಯೊಂದು ಕೋಶವೂ ತಳಪೊರೆಯನ್ನು ಮುಟ್ಟಿಯೇ ಇರುತ್ತದೆ.

ಉತ್ತರ 3
ಈ ವಿಧಗಳು ಶಾಶ್ವತವೂ ಅಲ್ಲ. ದೀರ್ಘಕಾಲ ಧೂಮಪಾನ ಮಾಡುವವರ ಶ್ವಾಸಮಾರ್ಗದಲ್ಲಿ ಲೋಮಾಂಗಗಳುಳ್ಳ (ಕೂದಲಿನಂಥ ಸೂಕ್ಷ್ಮ ಚಾಚುಗಳುಳ್ಳ) ಸ್ತಂಭಾಕಾರದ ಕೋಶಗಳ ಜಾಗದಲ್ಲಿ ಅಲ್ಲಲ್ಲಿ ಬಹುಪದರದ ಚಪ್ಪಟೆ ಕೋಶಗಳು ಬೆಳೆಯಬಹುದು. ಅವು ಹೊಗೆಯನ್ನು ಹೆಚ್ಚು ತಾಳಿಕೊಳ್ಳುತ್ತವೆ, ಆದರೆ ಲೋಳೆಯನ್ನು ಮೇಲಕ್ಕೆ ತಳ್ಳುವ ಲೋಮಾಂಗಗಳು ಅಲ್ಲಿ ಇಲ್ಲವಾಗುವುದರಿಂದ ಕೆಮ್ಮಿಯೇ ಅದನ್ನು ಹೊರಹಾಕಬೇಕಾಗುತ್ತದೆ.

ಅನ್ನನಾಳದಲ್ಲಿ ಇದರ ತಿರುವುಮುರುವು ಕಾಣುತ್ತದೆ. ಜಠರದ ಆಮ್ಲ ವರ್ಷಗಟ್ಟಲೆ ಮೇಲೆ ಉಕ್ಕುತ್ತಿದ್ದರೆ, ಕೆಲವರಲ್ಲಿ ಕೆಳತುದಿಯ ಬಹುಪದರ ಹೋಗಿ ಕರುಳಿನದನ್ನು ಹೋಲುವ ಸ್ತಂಭಾಕಾರದ ಕೋಶಗಳು ಬರುತ್ತವೆ. ಇಂಥ ಬದಲಾವಣೆ ಕ್ಯಾನ್ಸರಿನ ಸಂಭವವನ್ನು ಹೆಚ್ಚಿಸುವುದರಿಂದ ವೈದ್ಯರು ಅದರ ಮೇಲೆ ನಿಗಾ ಇಡುತ್ತಾರೆ. ಪ್ರಶ್ನೆ ಕೇಳಿದವರು ಗಮನಿಸಬೇಕಾದದ್ದು ಇಷ್ಟು: ಹಲವು ಪದರಗಳು ಉಜ್ಜಾಟಕ್ಕೆ ತಕ್ಕ ರಕ್ಷಣೆಯೇ ಹೊರತು ಆಮ್ಲಕ್ಕಲ್ಲ. ಆಮ್ಲದ ನಡುವೆಯೇ ಇರುವ ಜಠರ ಒಂದೇ ಪದರವನ್ನು ಇಟ್ಟುಕೊಂಡು, ಬೈಕಾರ್ಬನೇಟ್ ಬೆರೆತ ದಪ್ಪ ಲೋಳೆಯಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ.