ಶಿಟ್ಜು ನಾಯಿಯ ಎಡಗಣ್ಣು ಅರ್ಧ ಮುಚ್ಚಿಕೊಂಡಿದೆ, ನೀರು ಸುರಿಯುತ್ತಿದೆ. ಮನೆಯಲ್ಲಿರೋ ಡ್ರಾಪ್ಸ್ ಹಾಕಬಹುದಾ?

ಬೆಲ್ಲದಚ್ಚು (ಮಂಡ್ಯ):
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ವರ್ಷದ ಶಿಟ್ಜು, ಹೆಣ್ಣು, ಹೆಸರು ಚಿನ್ನಿ. ನಿನ್ನೆ ಸಂಜೆಯಿಂದ ಎಡಗಣ್ಣು ಪೂರ್ತಿ ಬಿಡುತ್ತಿಲ್ಲ. ನೀರು ಸುರಿದು ಆ ಕಡೆ ಮೀಸೆಯೆಲ್ಲಾ ಅಂಟಂಟು. ಸೋಫಾ ಅಂಚಿಗೆ ಮುಖ ತಿಕ್ಕುತ್ತಾಳೆ. ಊಟ ಮಾತ್ರ ಸರಿಯಾಗಿ ಮಾಡುತ್ತಿದ್ದಾಳೆ. ಭಾನುವಾರ ಊರಲ್ಲಿ ಕಬ್ಬಿನ ಗದ್ದೆ ಬದುವಿನ ಮೇಲೆ ಓಡಾಡಿದ್ದಳು, ಸೋಗೆ ತಾಗಿತೇನೋ ಅಂತ ಅನುಮಾನ. ಕಣ್ಣಿನ ಕೆಳಗೆ ಕಂದು ಕಲೆ ಮೊದಲಿಂದಲೂ ಇದೆ. ಗ್ರೂಮಿಂಗ್ ಮಾಡುವವರು "ಈ ತಳಿಗೆ ಇದೆಲ್ಲಾ ಮಾಮೂಲು, ಪೌಡರ್ ಹಚ್ಚಿ" ಅಂದಿದ್ದರು. ಅತ್ತೆ ನಂದಿಬಟ್ಟಲು ಹೂ ನೆನೆಸಿದ ನೀರು ಬಿಡು ಅಂತಾರೆ. ಪಕ್ಕದ ಮನೆಯವರು ತಮ್ಮ ಪೊರೆ ಆಪರೇಷನ್ ಆದಾಗ ಉಳಿದ ಡ್ರಾಪ್ಸ್ ಕೊಟ್ಟಿದ್ದಾರೆ. ಅದನ್ನೇ ಹಾಕಿ ಎರಡು ದಿನ ನೋಡೋಣವಾ? ಈ ಬಿಸಿಲಲ್ಲಿ ಮೈಸೂರಿಗೆ ಕರೆದುಕೊಂಡು ಹೋಗೋಕೆ ಭಯ.

ಕುವೆಂಪುನಗರದ ತಾತ:
ಹಾಕಬೇಡಮ್ಮ. ಮೊದಲು ಆ ಬಾಟಲಿ ಮೇಲಿನ ಸಣ್ಣ ಅಕ್ಷರ ಓದು. ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್ ಅಂತ ಇದೆಯಾ?

ಬೆಲ್ಲದಚ್ಚು:
ಹೌದು ಸರ್. ಮಾಕ್ಸಿಫ್ಲಾಕ್ಸಾಸಿನ್, ಜೊತೆಗೆ ಡೆಕ್ಸಾಮೆಥಾಸೋನ್ ಅಂತಿದೆ.

ಕುವೆಂಪುನಗರದ ತಾತ:
ಅದೇ ಅಂದುಕೊಂಡೆ. ಎರಡನೆಯದು ಸ್ಟೀರಾಯ್ಡ್. ಆಪರೇಷನ್ ಆದವರ ಕಣ್ಣಿನ ಊತ ಇಳಿಸೋಕೆ ಅದು ಬೇಕು. ಆದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ ಇದೆಯಲ್ಲ, ಕಾರ್ನಿಯಾ, ಅದರ ಮೇಲೆ ಗಾಯ ಇದ್ದರೆ ಸ್ಟೀರಾಯ್ಡ್ ಅದನ್ನು ಮಾಯಲು ಬಿಡುವುದಿಲ್ಲ. ಹುಣ್ಣು ಆಳಕ್ಕಿಳಿದು ತೂತೇ ಬೀಳಬಹುದು. ಗಾಯ ಇದೆಯೋ ಇಲ್ಲವೋ ಅಂತ ಬರಿಗಣ್ಣಿಗೆ ಗೊತ್ತಾಗಲ್ಲ.

ನಾನು ಇಂಥ ಚಪ್ಪಟೆ ಮೂತಿಯವನ್ನೇ ಸಾಕಿಕೊಂಡು ಬಂದವನು. ಇವುಗಳ ಕಣ್ಣು ಗುಡ್ಡೆ ಆಳದಲ್ಲಿ ಕೂತಿರುವುದಿಲ್ಲ, ಹೊರಗೇ ಉಬ್ಬಿರುತ್ತದೆ. ಎಷ್ಟೋ ನಾಯಿಗಳಿಗೆ ಮಲಗಿದಾಗಲೂ ರೆಪ್ಪೆ ಪೂರ್ತಿ ಮುಚ್ಚಲ್ಲ. ರಾತ್ರಿ ಟಾರ್ಚ್ ಹಿಡಿದು ನೋಡು, ನಡುವೆ ಒಂದು ಬಿಳಿ ಗೆರೆ ಕಾಣುತ್ತದೆ. ಅಲ್ಲಿ ಒಣಗುತ್ತದೆ, ಒಣಗಿದ ಕಡೆ ಕೂದಲು ಉಜ್ಜಿದರೆ ಸುಲಭವಾಗಿ ಗಾಯ ಆಗುತ್ತದೆ. ಇನ್ನೊಂದು ವಿಷಯ: ಉದ್ದ ಮೂತಿಯ ನಾಯಿಗಳಿಗೆ ಹೋಲಿಸಿದರೆ ಇವುಗಳ ಕಾರ್ನಿಯಾಗೆ ಸ್ಪರ್ಶ ಗೊತ್ತಾಗುವುದೇ ಕಮ್ಮಿ. ಊಟ ಮಾಡ್ತಾಳೆ ಅನ್ನೋದನ್ನ ನಂಬಿ ಕೂರಬೇಡ. ಅರ್ಧ ಮುಚ್ಚಿದ ಕಣ್ಣು ಅಂದರೆ ಅವತ್ತೇ ಡಾಕ್ಟರ್. ನಾಳೆ ಅಲ್ಲ.

ಹಳೇ ಕಂದು ಕಲೆ ಬೇರೆ ವಿಷಯ. ಕಣ್ಣೀರಲ್ಲಿರುವ ಪೋರ್ಫಿರಿನ್ ಅನ್ನೋ ಅಂಶದಿಂದ ಬಿಳಿ ಕೂದಲು ಹಾಗೆ ಬಣ್ಣಕ್ಕೆ ತಿರುಗುತ್ತದೆ. ಆ ಪೌಡರ್ ಸದ್ಯಕ್ಕೆ ಮುಟ್ಟಲೇಬೇಡ. ಕಣ್ಣೊಳಗೆ ಹೋದರೆ ಅದೊಂದು ಹೊಸ ತಲೆನೋವು.

ಒಂಟಿಕೊಪ್ಪಲು ಹುಡುಗ:
ಅಕ್ಕ, ಮೈಸೂರಿಗೇ ಬರಬೇಕಂತಿಲ್ಲ. ಮಂಡ್ಯದಲ್ಲೇ ಪಶು ಆಸ್ಪತ್ರೆ ಇದೆ, ಖಾಸಗಿ ಡಾಕ್ಟರೂ ಇದ್ದಾರೆ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಕಣ್ಣಿಗೆ ಫ್ಲೋರೆಸೀನ್ ಪಟ್ಟಿ ಹಾಕಿ ನೋಡ್ತೀರಾ?" ಅದು ಕಿತ್ತಳೆ ಬಣ್ಣದ ಸಣ್ಣ ಕಾಗದದ ಪಟ್ಟಿ. ಒದ್ದೆ ಮಾಡಿ ಕಣ್ಣಿಗೆ ಮುಟ್ಟಿಸಿ, ತೊಳೆದು, ನೀಲಿ ಬೆಳಕು ಬಿಟ್ಟರೆ ಗಾಯ ಇದ್ದ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ. ಆ ಪಟ್ಟಿ ಅವರ ಹತ್ತಿರ ಇಲ್ಲ ಅಂದರೆ ಬೇರೆ ಕಡೆ ಕೇಳಿ.

ಬಿಸಿಲ ಭಯ ಸರಿಯಾಗೇ ಇದೆ. ನಾಯಿ ತಂಪಾಗೋದು ತೇಕಿ. ಇವುಗಳ ಮೂಗಿನ ಹೊಳ್ಳೆಯೇ ಕಿರಿದು, ತೇಕಿದರೂ ಸಾಲಲ್ಲ. ಬಸ್ ಬೇಡ. ಆಟೋನೋ ಕಾರೋ, ಬಿಸಿಲೇರುವ ಮುಂಚೆ ಹೊರಡಿ. ಕುತ್ತಿಗೆ ಪಟ್ಟಿಗೆ ಚೈನ್ ಬೇಡ, ಎದೆಗೆ ಹಾಕುವ ಹಾರ್ನೆಸ್ ಹಾಕಿ. ಕುತ್ತಿಗೆ ಎಳೆದರೆ ಉಸಿರಿಗೂ ಕಷ್ಟ, ಕಣ್ಣಿನ ಒತ್ತಡವೂ ಏರುತ್ತದೆ. ಡ್ರಾಪ್ಸ್ ಹಾಕುವಾಗ ಹಿಂಗತ್ತಿನ ಚರ್ಮ ಹಿಡಿದು ಎಳೆಯೋದಂತೂ ಬೇಡವೇ ಬೇಡ. ಈ ತಳಿಗೆ ಗುಡ್ಡೆಯೇ ಹೊರಗೆ ಬಂದುಬಿಡಬಹುದು.

ಬೆಲ್ಲದಚ್ಚು:
ಈಗಲೇ ಹೊರಡುತ್ತೇವೆ. ನೋವಿಗೆ ಮನುಷ್ಯರ ಮಾತ್ರೆ ಅರ್ಧ ಕೊಡಬಹುದಾ? ಹೂವಿನ ನೀರು?

ಕುವೆಂಪುನಗರದ ತಾತ:
ಎರಡೂ ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಗೂ ಕಿಡ್ನಿಗೂ ವಿಷ. ಪ್ಯಾರಾಸಿಟಮಾಲ್ ಕೂಡ ನಿನ್ನ ಲೆಕ್ಕದಲ್ಲಿ ಕೊಡುವಂಥದ್ದಲ್ಲ. ನಂದಿಬಟ್ಟಲು ದೇವರ ತಲೆ ಮೇಲಿರಲಿ, ಅತ್ತೆಯವರೂ ಬೇಜಾರು ಮಾಡ್ಕೊಳ್ಳಲ್ಲ. ಗಾಯದ ಕಣ್ಣಿಗೆ ಕ್ರಿಮಿ ಇರೋ ನೀರು ಹೋಗಬಾರದು ಅಷ್ಟೇ. ಉಜ್ಜದಂತೆ ಕುತ್ತಿಗೆ ಸುತ್ತ ಹಾಕುವ ಕೋನ್ ಇದ್ದರೆ ಹಾಕು. ಇಲ್ಲದಿದ್ದರೆ ದಾರಿಯಲ್ಲಿ ಯಾರಾದರೂ ಮುಂಗಾಲು ಹಿಡಿದುಕೊಂಡು ಕೂತಿರಿ.

ಬೆಲ್ಲದಚ್ಚು:
ತೋರಿಸಿಕೊಂಡು ಬಂದೆವು. ನೀಲಿ ಬೆಳಕಲ್ಲಿ ನಾನೇ ನೋಡಿದೆ, ಕಣ್ಣಿನ ಒಳಮೂಲೆಗೆ ಹತ್ತಿರ ಎಳ್ಳುಕಾಳಿನಷ್ಟು ಹಸಿರು ಚುಕ್ಕೆ. ಮೇಲ್ಮೈ ಗಾಯವಂತೆ, ಆಳಕ್ಕೆ ಹೋಗಿಲ್ಲ. ಸೋಗೆಯೂ ಅಲ್ಲ, ಏನೂ ಅಲ್ಲ! ಮೂಗಿನ ಮಡಿಕೆಯ ಕೂದಲು ಮೇಲಕ್ಕೆ ಬೆಳೆದು ಕಣ್ಣಿಗೇ ಚುಚ್ಚುತ್ತಿತ್ತು. ಒದ್ದೆಯಾದಾಗ ಬ್ರಷ್ ಥರ ಗಟ್ಟಿಯಾಗಿ ನಿಂತಿತ್ತು. ಇನ್ನೊಂದು ಕಾಗದದ ಪಟ್ಟಿ ರೆಪ್ಪೆಯೊಳಗೆ ಒಂದು ನಿಮಿಷ ಇಟ್ಟು ಕಣ್ಣೀರು ಅಳೆದರು. ಬಲಗಣ್ಣು 17 ಮಿಲಿಮೀಟರ್ ಬಂತು. ಆಂಟಿಬಯೋಟಿಕ್ ಡ್ರಾಪ್ಸ್, ನೋವಿಗೆ ಔಷಧಿ, ಕೋನ್ ಕೊಟ್ಟಿದ್ದಾರೆ. ಕೋನ್ ಹಾಕಿದ ಮೇಲೆ ಬಾಗಿಲ ಚೌಕಟ್ಟಿಗೆಲ್ಲಾ ಡಿಕ್ಕಿ ಹೊಡೀತಾಳೆ ಪಾಪ.

ಒಂಟಿಕೊಪ್ಪಲು ಹುಡುಗ:
15ಕ್ಕಿಂತ ಮೇಲೆ ಬಂದರೆ ಚೆನ್ನಾಗಿದೆ ಅಂತ ಅರ್ಥ ಅಕ್ಕ. 10ರ ಒಳಗೆ ಬಂದರೆ ಒಣಗಣ್ಣಿನ ಕಾಯಿಲೆ ಅಂತ ಅನುಮಾನ ಪಡ್ತಾರೆ, ಅದಕ್ಕೆ ಸಾಮಾನ್ಯವಾಗಿ ಜೀವನಪೂರ್ತಿ ಔಷಧಿ ಬೇಕು.

ತೊಣ್ಣೂರು ಕೆರೆ ಏರಿ:
ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಮನೆಯಲ್ಲೂ ಒಂದಿದೆ. ಹಾಗಾದರೆ ಮುಖದ ಕೂದಲು ಪೂರ್ತಿ ಕತ್ತರಿಸಿಬಿಡೋದೇ ಒಳ್ಳೇದಾ, ಇಲ್ಲ ಜುಟ್ಟು ಕಟ್ಟೋದಾ?

ಕುವೆಂಪುನಗರದ ತಾತ:
ಎರಡರಲ್ಲಿ ಒಂದು ಮಾಡಿ, ಅರ್ಧಂಬರ್ಧ ಮಾಡಬೇಡಿ. ಗ್ರೂಮರ್ ಕತ್ತರಿಸಿ ಎರಡು ಮೂರು ವಾರ ಆದಮೇಲೆ ಮೊಟಕಾಗಿ ನಿಲ್ಲುತ್ತದಲ್ಲ, ಆ ಕೂದಲೇ ನೆಟ್ಟಗೆ ಕಣ್ಣಿಗೆ ಹೋಗೋದು. ಉದ್ದ ಬಿಟ್ಟರೆ ಕೆಳಕ್ಕೆ ಬೀಳುತ್ತದೆ, ಬಾಚಿ ಸಡಿಲ ಜುಟ್ಟು ಕಟ್ಟಬಹುದು. ರೆಪ್ಪೆ ಮೇಲಕ್ಕೆ ಎಳೆದು ಹಿಡಿಯುವಷ್ಟು ಬಿಗಿ ಬೇಡ. ದಿನಾ ಬಾಚುವ ತಾಳ್ಮೆ ಇಲ್ಲದವರಿಗೆ ಗಿಡ್ಡ ಕಟಿಂಗೇ ಸರಿ, ಆಮೇಲೆ ನಾಗಾ ಮಾಡದೆ ಮಾಡಿಸುತ್ತಿರಬೇಕು. ನನ್ನನ್ನು ಕೇಳಿದರೆ ನಮ್ಮ ಸೀಮೆಯ ಬೇಸಿಗೆಗೆ ಗಿಡ್ಡವೇ ವಾಸಿ. ಜುಟ್ಟು ಫೋಟೋಗೆ ಚೆಂದ.

ಮೂಗಿನ ಮೇಲಿನದನ್ನು ಮನೆಯಲ್ಲೇ ತೆಗೆಯೋದಾದರೆ ತುದಿ ದುಂಡಗಿರುವ ಕತ್ತರಿ ತಗೊಳ್ಳಿ. ಕತ್ತರಿಯ ತುದಿ ಕಣ್ಣಿನ ಕಡೆಗೆ ತಿರುಗಿರಬಾರದು. ಒಬ್ಬರು ಗಲ್ಲ ಹಿಡಿದಿರಬೇಕು, ಇನ್ನೊಬ್ಬರು ಕತ್ತರಿಸಬೇಕು. ಒಬ್ಬರೇ ಮಾಡೋಕೆ ಹೋಗಬೇಡಿ.

ತೊಣ್ಣೂರು ಕೆರೆ ಏರಿ:
ಕಿವಿ ಹಿಂದೆ, ಕಂಕುಳಲ್ಲಿ ಗಂಟು ಕಟ್ಟಿದೆ. ಸ್ನಾನ ಮಾಡಿಸಿ ಬಿಡಿಸಲಾ?

ಒಂಟಿಕೊಪ್ಪಲು ಹುಡುಗ:
ಬಿಡಿಸಿದ ಮೇಲೆ ಸ್ನಾನ. ನೀರು ಬಿದ್ದರೆ ಗಂಟು ಇನ್ನೂ ಬಿಗಿಯುತ್ತದೆ. ಬುಡದ ಹತ್ತಿರ ಬೆರಳಲ್ಲಿ ಹಿಡಿದುಕೊಂಡು ತುದಿಯಿಂದ ಸ್ವಲ್ಪ ಸ್ವಲ್ಪವೇ ಬಾಚಿ, ಆಗ ಚರ್ಮ ಎಳೆಯಲ್ಲ. ಚರ್ಮಕ್ಕೇ ಅಂಟಿಕೊಂಡಿದ್ದರೆ ಕತ್ತರಿ ಹಾಕಬೇಡಿ, ಟ್ರಿಮ್ಮರ್ ಇರುವವರ ಕೈಗೆ ಕೊಡಿ. ಗಂಟಿನೊಳಗೆ ಉಣ್ಣೆ ಹುಳ ಕೂತಿರುತ್ತದೆ, ಬಾಚುವಾಗ ಅದನ್ನೂ ನೋಡಿ.

ಬೆಲ್ಲದಚ್ಚು:
ಇವತ್ತು ಮತ್ತೆ ತೋರಿಸಿದೆವು. ಹಸಿರು ಚುಕ್ಕೆ ಅರ್ಧಕ್ಕಿಂತ ಸಣ್ಣದಾಗಿದೆ. ಕಣ್ಣು ಪೂರ್ತಿ ಬಿಡ್ತಾಳೆ. ಈಗ ಡ್ರಾಪ್ಸ್ ನಿಲ್ಲಿಸಬಹುದು ಅಲ್ವಾ?

ಕುವೆಂಪುನಗರದ ತಾತ:
ಇಲ್ಲ. ಬಣ್ಣ ಹಾಕಿ ನೋಡಿದಾಗ ಹಸಿರು ಚೂರೂ ಇರಬಾರದು. ಡಾಕ್ಟರ್ ಹೇಳೋವರೆಗೂ ಡ್ರಾಪ್ಸ್ ಇರಲಿ, ಕೋನೂ ಇರಲಿ.

ಬೆಲ್ಲದಚ್ಚು:
ಸರಿ ಸರ್. ಪಕ್ಕದ ಮನೆಯವರ ಬಾಟಲಿ ವಾಪಸ್ ಕೊಟ್ಟೆ. ಮುಚ್ಚಳ ತೆಗೆದು ಒಂದು ತಿಂಗಳು ದಾಟಿದ್ದರೆ ಮನುಷ್ಯರೂ ಹಾಕಿಕೊಳ್ಳಬಾರದು ಅಂತ ಲೇಬಲ್ ಮೇಲೇ ಬರೆದಿತ್ತು, ಅದನ್ನೂ ಹೇಳಿದೆ.