ಸ್ಪ್ಯಾನಿಷ್ ಎ1 ಪಾಠ: ‘ಸೆರ್’, ‘ಎಸ್ತಾರ್’ ಇಂಗ್ಲಿಷಿನಲ್ಲಿ ಹೇಳಬೇಕೇ, ಕನ್ನಡದಲ್ಲಿ ಹೇಳಬೇಕೇ?

ಕದ್ರಿ_ಸಂಜೆಪಾಠ (ಪ್ರಶ್ನೆ)

ಮಂಗಳೂರಿನ ಒಂದು ಸಮುದಾಯ ಶಾಲೆಯಲ್ಲಿ ಶನಿವಾರ, ಭಾನುವಾರ ಸಂಜೆ ತಲಾ ಒಂದೂವರೆ ಗಂಟೆ ಎ1 (ಆರಂಭದ ಮಟ್ಟ) ಸ್ಪ್ಯಾನಿಷ್ ತರಗತಿ. 14 ಮಂದಿ ಇದ್ದಾರೆ: ಹಡಗಿನ ಕೆಲಸಕ್ಕೆ ಹೋಗುವವರು, ನರ್ಸಿಂಗ್ ಮುಗಿಸಿದವರು, ಹೋಟೆಲ್ ಮ್ಯಾನೇಜ್‌ಮೆಂಟ್ ಓದುವವರು. ಮನೆಮಾತು ತುಳು, ಕೊಂಕಣಿ, ಕನ್ನಡ. ಅರ್ಧದಷ್ಟು ಜನ ಕನ್ನಡ ಮಾಧ್ಯಮದವರು. ಪುಸ್ತಕದ ವಿವರಣೆ ಎಲ್ಲ ಇಂಗ್ಲಿಷಿನಲ್ಲಿ ಉಂಟು.

ಮೂರು ಕಡೆ ಸಿಕ್ಕಿಕೊಂಡಿದೆ. ‘ಸೆರ್’ ಮತ್ತು ‘ಎಸ್ತಾರ್’ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ (‘ಬಿ’, ಅಂದರೆ ಇರು, ಆಗಿರು) ಇರುವುದರಿಂದ ಎಷ್ಟು ಹೇಳಿದರೂ ಅದಲು ಬದಲು ಮಾಡುತ್ತಾರೆ. ಉಚ್ಚಾರದಲ್ಲಿ ‘ತ’ ಬರಬೇಕಾದಲ್ಲಿ ‘ಟ’ ಬರುತ್ತದೆ. ವಸ್ತುಗಳ ಲಿಂಗವಂತೂ ತಲೆಗೆ ಹೋಗುತ್ತಿಲ್ಲ. ವಿವರಣೆಯನ್ನು ಕನ್ನಡಕ್ಕೆ ಬದಲಿಸಿದರೆ ಲಾಭ ಉಂಟಾ? ಎ1 ಪರೀಕ್ಷೆಗೆ ಎಷ್ಟು ಗಂಟೆ ಬೇಕಾದೀತು?

ಮಣಿಪಾಲ_ವ್ಯಾಕರಣ

ಬದಲಿಸಿ ಮೇಡಂ, ಮುಂದಿನ ತರಗತಿಯಿಂದಲೇ. ಈ ವಿಷಯದಲ್ಲಿ ಇಂಗ್ಲಿಷ್ ಅಡ್ಡ ಬರುವ ಭಾಷೆ. ಸ್ಪ್ಯಾನಿಷ್ ಮಾಡುವ ಭೇದ ನಮ್ಮ ಊರಿನ ಮೂರೂ ಭಾಷೆಗಳಲ್ಲಿ ಮೊದಲೇ ಉಂಟು: ಕನ್ನಡದ ಅಲ್ಲ–ಇಲ್ಲ, ತುಳುವಿನ ಅತ್ತ್–ಇಜ್ಜಿ, ಕೊಂಕಣಿಯ ನ್ಹಯ್–ನಾ.

ವಾಕ್ಯವನ್ನು ನಿಷೇಧಕ್ಕೆ ತಿರುಗಿಸಲು ಹೇಳಿ. ‘ಅವರು ಡಾಕ್ಟರ್ ಅಲ್ಲ’: ಅಲ್ಲ ಬಂತು, ಹಾಗಾಗಿ ‘ಸೆರ್’, ‘ನೊ ಎಸ್ ಮೆದಿಕೊ’. ‘ಅವರು ಮನೆಯಲ್ಲಿ ಇಲ್ಲ’: ಇಲ್ಲ ಬಂತು, ಹಾಗಾಗಿ ‘ಎಸ್ತಾರ್’, ‘ನೊ ಎಸ್ತಾ ಎನ್ ಕಾಸಾ’. ಗುಣವಾಚಕಕ್ಕೂ ಬಹಳ ಮಟ್ಟಿಗೆ ನಡೆಯುತ್ತದೆ. ‘ಮನೆ ದೊಡ್ಡದಲ್ಲ’ ಅಂದರೆ ಸೆರ್, ‘ಚಹಾ ಬಿಸಿ ಇಲ್ಲ’ ಅಂದರೆ ಎಸ್ತಾರ್.

ಇದು ಕೈಕೊಡುವ ಜಾಗಗಳನ್ನು ಅದೇ ದಿನ ಹೇಳಿಬಿಡಬೇಕು, ಇಲ್ಲದಿದ್ದರೆ ತಪ್ಪು ಗಟ್ಟಿಯಾಗುತ್ತದೆ.

ಒಂದು, ಆಳಿನ ಮೈಕಟ್ಟು, ಸ್ವಭಾವ. ‘ಅವನು ಎತ್ತರ ಇಲ್ಲ’ ಅನ್ನುತ್ತೇವೆ, ಆದರೆ ಸ್ಪ್ಯಾನಿಷ್‌ನಲ್ಲಿ ಅದು ಸೆರ್: ‘ನೊ ಎಸ್ ಆಲ್ತೊ’.

ಎರಡು, ‘ನನಗೆ’ ಇಂದ ಶುರುವಾಗುವ ಇರುವಿಕೆ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ನನಗೆ 20 ವರ್ಷ’, ‘ನನಗೆ ಹಸಿವಾಗಿದೆ’ ಮೂರಕ್ಕೂ ‘ತೆನೆರ್’ (ಹೊಂದಿರು) ಬೇಕು: ‘ತೆಂಗೊ ದೊಸ್ ಇಹೊಸ್’, ‘ತೆಂಗೊ ಬೆಯಿಂತೆ ಆನ್ಯೊಸ್’, ‘ತೆಂಗೊ ಆಂಬ್ರೆ’. (ತೆಂಗು ಇರುವವನಿಗೆ ಎಲ್ಲ ಇದೆ ಅಂದರೆ ಕರಾವಳಿಯ ಮಕ್ಕಳು ‘ತೆಂಗೊ’ ಮರೆಯುವುದಿಲ್ಲ.)

ಮೂರು, ‘ಇಲ್ಲಿ ಒಂದು ಬ್ಯಾಂಕ್ ಉಂಟು’ ಅಂತ ಹೊಸದಾಗಿ ಹೇಳುವಾಗ ‘ಆಯ್ ಉನ್ ಬಾಂಕೊ’. ‘ಬ್ಯಾಂಕ್ ಹಂಪನಕಟ್ಟೆಯಲ್ಲಿದೆ’ ಅಂತ ಗೊತ್ತಿರುವ ಬ್ಯಾಂಕಿನ ಜಾಗ ಹೇಳುವಾಗ ‘ಎಲ್ ಬಾಂಕೊ ಎಸ್ತಾ...’. ಎಣಿಕೆ ಅಥವಾ ‘ಒಂದು’ ಜೊತೆಗಿದ್ದರೆ ಆಯ್.

‘ಗುಸ್ತಾರ್’ (ಇಷ್ಟವಾಗು) ಅನ್ನೂ ಇಂಗ್ಲಿಷಿನಿಂದ ಬಿಡಿಸಿ. ‘ನನಗೆ ಮಾವಿನಹಣ್ಣು ಇಷ್ಟ’ ಮತ್ತು ‘ಮೆ ಗುಸ್ತಾ ಎಲ್ ಮಾಂಗೊ’ ಎರಡರ ಕಟ್ಟಡ ಒಂದೇ. ನಮ್ಮವರು ತಪ್ಪುವುದು ಬಹುವಚನದಲ್ಲಿ. ನಾವು ಹತ್ತು ಹಣ್ಣಿಗೂ ‘ಹಣ್ಣು’ ಅನ್ನುತ್ತೇವೆ, ಅಲ್ಲಿ ‘ಮೆ ಗುಸ್ತಾನ್ ಲೊಸ್ ಮಾಂಗೊಸ್’ ಆಗಲೇಬೇಕು. ‘ಮಕ್ಕಳು ನನಗೆ ಇಷ್ಟವಾದರು’ ಎಂಬ ವಾಕ್ಯ ಬರೆದು, ‘-ಅರು’ ಯಾರಿಗೆ ಹೊಂದಿಕೊಂಡಿದೆ ಎಂದು ಕೇಳಿ. ಉತ್ತರ ಅವರ ಬಾಯಿಂದಲೇ ಬರುತ್ತದೆ.

ಮುಂದೆ, ಕರ್ಮಪದ ವ್ಯಕ್ತಿಯಾದಾಗ ಅದರ ಹಿಂದೆ ಹಾಕುವ ‘ಆ’ ಪಾಠಕ್ಕೆ ಬರುವಾಗಲೂ ಕನ್ನಡ ನೆರವಿಗೆ ಉಂಟು. ‘ಮನೆ ನೋಡಿದೆ’ ನಡೆಯುತ್ತದೆ, ‘ಮರಿಯಾ ನೋಡಿದೆ’ ನಡೆಯುವುದಿಲ್ಲ, ‘ಮರಿಯಾಳನ್ನು’ ಬೇಕು. ‘ಬೆಯೊ ಲಾ ಕಾಸಾ’, ಆದರೆ ‘ಬೆಯೊ ಆ ಮರಿಯಾ’.

ಉಡುಪಿ_ಉಚ್ಚಾರ

ಉಚ್ಚಾರದ ಬಗ್ಗೆ. ‘ಟ’ ಬರುವುದು ಇಂಗ್ಲಿಷ್ ಪದ ಓದುವ ಅಭ್ಯಾಸದಿಂದ. ಬೋರ್ಡಿನಲ್ಲಿ ‘ತ, ದ’ ಬರೆದು, ಟ, ಡ ಈ ಭಾಷೆಯಲ್ಲಿ ಇಲ್ಲವೇ ಇಲ್ಲ ಅಂತ ಒಮ್ಮೆ ಹೇಳಿದರೆ ಬಹಳಷ್ಟು ಸರಿಹೋಗ್ತದೆ. ‘ಞ’ ನಮ್ಮಲ್ಲೇ ಉಂಟು. ‘ಪೆರೊ’ ಅಂದರೆ ಆದರೆ, ‘ಪೆರ್ರೊ’ ಅಂದರೆ ನಾಯಿ. ‘ಬುರ್ರನೆ’ ಅನ್ನುವ ನಾಲಗೆಗೆ ಅದು ಕಷ್ಟ ಅಲ್ಲ.

ನಿಜವಾದ ತೊಂದರೆ ಬೇರೆ. ಪದದ ಮೊದಲ ‘ಎ’ ನಮ್ಮ ಬಾಯಲ್ಲಿ ‘ಯೆ’ ಆಗ್ತದೆ, ‘ಒ’ ‘ವೊ’ ಆಗ್ತದೆ. ‘ಎಲ್’ ಹೋಗಿ ‘ಯೆಲ್’, ‘ಒಹೊ’ ಹೋಗಿ ‘ವೊಹೊ’. ಕೊನೆಯ ವ್ಯಂಜನಕ್ಕೆ ‘ಉ’ ಸೇರಿ ‘ಮದ್ರಿದು’. ಇದಕ್ಕಿಂತ ದೊಡ್ಡದು ಒತ್ತು, ಅಂದರೆ ಪದದ ಯಾವ ಉಚ್ಚಾರಾಂಶವನ್ನು ಜೋರಾಗಿ ಹೇಳ್ತೇವೆ ಅನ್ನುವುದು. ‘ಆಬ್ಲೊ’ದಲ್ಲಿ ಒತ್ತು ಮೊದಲಿಗೆ ಬಿದ್ದರೆ ‘ನಾನು ಮಾತಾಡ್ತೇನೆ’, ಕೊನೆಗೆ ಬಿದ್ದರೆ ‘ಅವನು ಮಾತಾಡಿದ’. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ, ಹಾಗಾಗಿ ಕಿವಿಗೆ ಬೀಳುವುದೇ ಇಲ್ಲ. ನಿಯಮ ಚಿಕ್ಕದು: ಪದ ಸ್ವರ, ‘ನ್’ ಅಥವಾ ‘ಸ್’ನಲ್ಲಿ ಮುಗಿದರೆ ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ, ಉಳಿದದ್ದಕ್ಕೆ ಕೊನೆಯದಕ್ಕೆ, ಮೇಲೆ ಗೆರೆ ಇದ್ದರೆ ಗೆರೆ ಇದ್ದಲ್ಲಿಗೆ. ದಿನಕ್ಕೆ ಹತ್ತು ಪದ ಚಪ್ಪಾಳೆ ತಟ್ಟಿ ಹೇಳಿಸಿ, ಒತ್ತಿದ್ದಲ್ಲಿ ಜೋರು ಚಪ್ಪಾಳೆ.

ಕನ್ನಡ ಲಿಪಿಯಲ್ಲಿ ಸ್ಪ್ಯಾನಿಷ್ ಬರೆದುಕೊಳ್ಳುವುದನ್ನು ಎರಡು ವಾರದ ನಂತರ ನಿಲ್ಲಿಸಬೇಕು. ನಾವು ಒತ್ತನ್ನು ದೀರ್ಘ ಮಾಡಿ ಬರೀತೇವೆ, ಆಮೇಲೆ ದೀರ್ಘವೇ ಬಾಯಲ್ಲಿ ಕೂತು ಬಿಡ್ತದೆ.

ಸಂಖ್ಯೆಗೆ ಮೀನು ಮಾರ್ಕೆಟಿನ ದರಪಟ್ಟಿ ಚೆನ್ನಾಗಿ ಆಗ್ತದೆ. 60ರ ‘ಸೆಸೆಂತಾ’, 70ರ ‘ಸೆತೆಂತಾ’ ಎರಡನ್ನೇ ಬೇರೆ ಕೂತು ಕೇಳಿಸಿ; ಬಂಗುಡೆ 67 ಅಂದರೆ 77 ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರ್ತಾರೆ.

ಬಜಪೆ_ಕೊಂಕಣಿ

ಲಿಂಗದ ಪಾಠಕ್ಕೆ ಕೊಂಕಣಿಯವರನ್ನು ಎದುರು ಕೂರಿಸಿ. ಬರೊ, ಬರಿ, ಬರೆಂ (ಒಳ್ಳೆಯ) ಅಂತ ಲಿಂಗಕ್ಕೆ ತಕ್ಕಂತೆ ವಿಶೇಷಣ ಬದಲಾಗುವುದು ಅವರಿಗೆ ಸಹಜ, ಕನ್ನಡ–ತುಳುವಿನವರಿಗೆ ಅವರೇ ವಿವರಿಸಲಿ. ಎಚ್ಚರಿಕೆ ಏನೆಂದರೆ, ಕೊಂಕಣಿಯ ಮೂರನೆಯ ಲಿಂಗ ಸ್ಪ್ಯಾನಿಷ್ ನಾಮಪದಗಳಿಗಿಲ್ಲ, ಒಂದೇ ವಸ್ತುವಿಗೆ ಎರಡು ಭಾಷೆಯಲ್ಲೂ ಒಂದೇ ಲಿಂಗ ಇರಬೇಕೆಂದೂ ಇಲ್ಲ.

ಪದವನ್ನು ‘ಎಲ್’ (ಪುಲ್ಲಿಂಗಕ್ಕೆ) ಅಥವಾ ‘ಲಾ’ (ಸ್ತ್ರೀಲಿಂಗಕ್ಕೆ) ಬಿಟ್ಟು ಯಾವತ್ತೂ ಬರೆಯಬೇಡಿ, ಒಂದಕ್ಕೆ ನೀಲಿ ಚಾಕ್, ಇನ್ನೊಂದಕ್ಕೆ ಕೆಂಪು. ಕೊನೆಯ ಸ್ವರ ನೋಡಿ ಲಿಂಗ ಊಹಿಸಿದರೆ ತಪ್ಪುವ ‘ಲಾ ಮಾನೊ’, ‘ಎಲ್ ದಿಯಾ’, ‘ಎಲ್ ಮಾಪಾ’, ‘ಎಲ್ ಪ್ರೊಬ್ಲೆಮಾ’ ಮೊದಲ ತಿಂಗಳೇ ಬರಲಿ.

ಪೋರ್ಚುಗೀಸ್ ಮೂಲದ ಪದ ನಂಬಿ ಊಹಿಸುವುದು ಅರ್ಧ ಸರಿ. ಪಾದ್ರಿ–‘ಪಾದ್ರೆ’ ಸಿಗುತ್ತದೆ. ಜನೆಲ್ (ಕಿಟಕಿ) ಮಾತ್ರ ‘ಬೆಂತಾನಾ’, ಕದೆಲ್ (ಕುರ್ಚಿ) ‘ಸಿಯಾ’.

ಮಣಿಪಾಲ_ವ್ಯಾಕರಣ

ಗಂಟೆಯ ಲೆಕ್ಕ ಬಿಟ್ಟುಹೋಯಿತು. ಎ1ಗೆ 60 ಗಂಟೆ ಹಿಡಿಯಿರಿ. ವಾರಕ್ಕೆ ಮೂರು ಗಂಟೆ ಅಂದರೆ 20 ವಾರ. ಮಳೆಯ ರಜೆ, ಹಬ್ಬ ಸೇರಿ 24. ಸ್ಪೇನಿನ ಸರ್ವಾಂತೆಸ್ ಸಂಸ್ಥೆ ನಡೆಸುವ ದೆಲೆ ಎಂಬ ಸ್ಪ್ಯಾನಿಷ್ ಪ್ರಮಾಣಪತ್ರ ಪರೀಕ್ಷೆಯಲ್ಲಿ ಓದು–ಬರಹ ಒಂದು ಗುಂಪು, ಆಲಿಸುವಿಕೆ–ಮಾತು ಇನ್ನೊಂದು, ತಲಾ 50 ಅಂಕ. ಎರಡರಲ್ಲೂ ಬೇರೆ ಬೇರೆಯಾಗಿ 30 ಬರಬೇಕು. ಓದಿನಲ್ಲಿ 45 ಬಂದರೂ ಮಾತಿನ ಗುಂಪಿನಲ್ಲಿ 28 ಆದರೆ ಫೇಲ್. ನಮ್ಮ ಊರಲ್ಲಿ ಹೊರಗೆ ಸ್ಪ್ಯಾನಿಷ್ ಕಿವಿಗೆ ಬೀಳುವುದಿಲ್ಲವಾದ್ದರಿಂದ ಪ್ರತಿ ತರಗತಿಯಲ್ಲಿ 20 ನಿಮಿಷ ಆಲಿಸುವುದಕ್ಕೇ ಇಡಿ. ದೆಲೆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ, ಇನ್ನೊಂದು ಸ್ಪ್ಯಾನಿಷ್ ಪರೀಕ್ಷೆಯಾದ ಸಿಯೆಲೆಗೆ 5 ವರ್ಷ.

ಕದ್ರಿ_ಸಂಜೆಪಾಠ

ತುಂಬ ಉಪಕಾರವಾಯಿತು. ಅಲ್ಲ–ಇಲ್ಲ ಪಾಠ ಬರೆಯುತ್ತಿರುವಾಗ ಒಂದು ಸಂಶಯ: ಯಕ್ಷಗಾನದ ಬಗ್ಗೆ ‘ಆಟ ಇವತ್ತು ಟೌನ್‌ಹಾಲಿನಲ್ಲಿ ಉಂಟು’ ಅನ್ನುತ್ತೇವೆ. ಇದು ಎಸ್ತಾರ್ ತಾನೇ?

ಮಣಿಪಾಲ_ವ್ಯಾಕರಣ

ಅಲ್ಲ ಮೇಡಂ, ಸೆರ್. ‘ಉಂಟು’ ಜಾಗದಲ್ಲಿ ‘ನಡೆಯುತ್ತದೆ’ ಹಾಕಿ ನೋಡಿ. ‘ಆಟ ಟೌನ್‌ಹಾಲಿನಲ್ಲಿ ನಡೆಯುತ್ತದೆ’ ಸರಿಯಾಗಿ ಕೇಳುತ್ತದೆ, ಹಾಗಾಗಿ ಸೆರ್. ‘ಚೆಂಡೆ ಟೌನ್‌ಹಾಲಿನಲ್ಲಿ ಉಂಟು’ ಅಂದರೆ ವಸ್ತು, ನಡೆಯುವುದಿಲ್ಲ, ಅದು ಎಸ್ತಾರ್. ಮದುವೆ, ಮೀಟಿಂಗ್, ಪರೀಕ್ಷೆ ಎಲ್ಲ ಸೆರ್ ಕಡೆಗೆ. ಇನ್ನೊಂದು, ನಿಷೇಧದ ಅಭ್ಯಾಸ ಕೊಡುವಾಗ ‘ಮನೆಯಲ್ಲಿ ಅಲ್ಲ, ಆಫೀಸಿನಲ್ಲಿ’ ಎಂಬಂಥ ಹೋಲಿಕೆಯ ವಾಕ್ಯ ಬೇಡ. ಅಲ್ಲಿ ‘ಅಲ್ಲ’ ಬಂದರೂ ಸ್ಪ್ಯಾನಿಷ್‌ನಲ್ಲಿ ಎಸ್ತಾರೇ.