ಅಪ್‌ಡೇಟ್: ಬೇಲಿಯ ಹೂವಿನ ಗುರುತು ಸಿಕ್ಕಿತು
ವಿರಾಜಪೇಟೆ ಹತ್ತಿರ ನಮ್ಮ ತೋಟದ ಬೇಲಿಯಲ್ಲಿ ಒಂದೇ ಬಳ್ಳಿಗೆ ಹಳದಿ, ಕೆಂಪು ಎರಡೂ ಹೂ ಬಿಟ್ಟಿವೆ, ಯಾವುದಿದು ಅಂತ ಆಗಸ್ಟ್‌ನಲ್ಲಿ ಕೇಳಿದ್ದೆ. ಗೌರಿ ಹೂ ಅಂದವರೇ ಸರಿ! ಅರಳುವಾಗ ಹಳದಿ-ಹಸಿರು, ದಿನ ಕಳೆದಂತೆ ಕೆಂಪು. ಆರೂ ದಳ ಹಿಂದಕ್ಕೆ ಬಾಗಿ ಮೇಲೆದ್ದಿರುತ್ತವೆ.

ನನಗೆ ಖಾತ್ರಿಯಾಗಿದ್ದು ಎಲೆಯಿಂದ. ಅದರ ತುದಿಯೇ ಸುರುಳಿಯಾಗಿ ಕಾಫಿ ರೆಂಬೆಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ, ಬಿಡಿಸಲು ಹೋಗಿ ಎಲೆ ಹರಿಯಿತು. ಈಗ ಕಾಯಿ ಮೂರು ಹೋಳಾಗಿ ಬಿರಿದಿದೆ, ಒಳಗೆ ಕಿತ್ತಳೆ-ಕೆಂಪು ಬೀಜದ ಸಾಲು.

ಪಕ್ಕದ ಮನೆಯ ಅಜ್ಜಿ ಫೋಟೋ ನೋಡಿದ ಕೂಡಲೇ 'ತೋಕ್ ಪೂ' ಅಂದರು, ಕೊಡವ ಭಾಷೆಯಲ್ಲಿ ಕೋವಿ ಹೂ ಅಂತ. ಕೊಡವರು ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಸಿಕ್ಕಿಸುವ ಹೂ ಇದೇ. ಗೆಡ್ಡೆ, ಬೀಜದಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ, ಮಕ್ಕಳಿದ್ದವರು ದಯವಿಟ್ಟು ಜೋಪಾನ. ಬಳ್ಳಿಯನ್ನು ನಾನಂತೂ ಕೀಳುವುದಿಲ್ಲ.